ಸಂತೆಯ ಎಮ್ಮೆ ಮತ್ತು ಅಪ್ಪಾಸಾಬರ ಐಟಿಐ

ಭೋಜ ಊರಿನ ಸಾಹುಕಾರ ಅಪ್ಪಾಸಾಬರು ದನದ ಸಂತೆಯಿಂದ ಒಂದು ಎಮ್ಮೆ ತಂದರು. ಅದರ ಕೆಚ್ಚಲು ನೋಡಿದರೆ ಇಡೀ ಊರಿಗೆ ಚಹಾ ಆದೀತು ಅನ್ನುವಂತಿತ್ತು. ಮೊದಲ ದಿನ ಚರಿಗೆ ತುಂಬ ಹಾಲು. ಮರುದಿನ ಬರೀ ಒಂದು ಕಪ್ಪು! ಮಾರಿದವನು ಎರಡು ಹೊತ್ತು ಹಾಲು ಹಿಂಡದೆ, ಕೆಚ್ಚಲು ಉಬ್ಬಿಸಿ ಸಂತೆಗೆ ತಂದಿದ್ದ. ಅಪ್ಪಾಸಾಬರು ಅವನನ್ನು ಬೈದದ್ದು ದೂರದ ಯಡೂರಿನ ಗುಡಿಯ ತನಕ ಕೇಳಿಸಿತು. ಅಲ್ಲಿ ದೇವರಿಗೆ ಬಂದವರು ಗುಡುಗು ಅಂದುಕೊಂಡು ಛತ್ರಿ ಬಿಚ್ಚಿದರು.

ಅದೇ ವರ್ಷ, ಅಂದರೆ ತೊಂಬತ್ತೊಂದರಲ್ಲಿ, ಅಪ್ಪಾಸಾಬರು ಊರ ಹೊರಗೆ ಒಂದು ಐಟಿಐ ಕಟ್ಟಿಸಿದರು. ಊರ ಮಕ್ಕಳು ವೈರಮನ್ ಕೆಲಸ ಕಲಿಯಲಿ ಅನ್ನುವ ಆಸೆ. ಆಸೆ ಒಳ್ಳೆಯದೇ. ಬೋರ್ಡು ಎಷ್ಟು ದೊಡ್ಡದೆಂದರೆ ಅದರ ನೆರಳಿನಲ್ಲಿ ಎರಡು ಜೋಡಿ ಎತ್ತು ಮಲಗುತ್ತಿದ್ದವು. ‘ಸರ್ಕಾರದ ಮಾನ್ಯತೆ ಪಡೆದಿದೆ’ ಎಂದು ಅದರ ಮೇಲೆ ಕೆಂಪು ಅಕ್ಷರ. ಮಾನ್ಯತೆ ಮಾತ್ರ ಇನ್ನೂ ಬಂದಿರಲಿಲ್ಲ. ಆಗಲೇ ಹದಿನಾರು ಮಕ್ಕಳು ಫೀ ಕಟ್ಟಿ ಹೆಸರು ಹಚ್ಚಿದ್ದರು. ಕಲಿಯಲು ಆರು ಮೋಟಾರು ಬೇಕು, ಇದ್ದದ್ದು ಒಂದೇ.

ಕಲಿಸಲು ಬಂದ ರಾಜಾರಾಮ ಮಾಸ್ತರರು ಒಂದು ದಿನ ಅಪ್ಪಾಸಾಬರ ಪಡಸಾಲೆಗೆ ಬಂದು ಕುಳಿತರು. ಮೂಲೆಯಲ್ಲಿ ಅಪ್ಪಾಸಾಬರ ತಾಯಿ ಅಕ್ಕವ್ವ ಕಡಲೆ ಹಸನು ಮಾಡುತ್ತಿದ್ದಳು.

“ಸಾವ್ಕಾರ್ರ, ಮುಂದಿನ ವಾರ ತಪಾಸಣಿ ಸಾಹೇಬ್ರು ಬರ್ತಾರ್ರಿ. ಮೋಟಾರ್ ಎಲ್ಲಿ ಅದಾವ್ರಿ?”

“ಚಿಂತಿ ಯಾಕ್ರಿ ಮಾಸ್ತರ? ಬೀಗರ ಬಾವಿಯಿಂದ ಎರಡು, ನಿಪ್ಪಾಣಿ ರಿಪೇರಿ ಅಂಗಡಿಯಿಂದ ಮೂರು ತರಸ್ತೀನಿ. ಸಾಹೇಬ್ರು ಹ್ವಾದ ಮ್ಯಾಲ ಹೊಳ್ಳಿ ಕೊಟ್ರಾತು.”

“ಮಾನ್ಯತಿ ಸಿಗದಿದ್ರ ಮಕ್ಕಳನ್ನ ಸರ್ಕಾರಿ ಪರೀಕ್ಷಾಕ ಕೂಡ್ಸಂಗಿಲ್ರಿ. ಹಂಗೊಮ್ಮೆ ಸಿಕ್ರೂ, ಮೋಟಾರ್ ಇಲ್ದ ಅವು ಏನ್ ಕಲೀತಾವ್ರಿ?”

“ಮೊದ್ಲ ಚಾಲೂ ಮಾಡೂಣ್ರಿ. ಕಾಗದ ಹಿಂದಿಂದ ಬರ್ತೈತಿ.”

ಅಷ್ಟರಲ್ಲಿ ಕುರಿ ಕಾಯುವ ಕಾಳವ್ವ ಮಗಳು ಸುಂದರಾಳನ್ನು ಕರೆದುಕೊಂಡು ಬಂದಳು. ಸುಂದರಾ ಹತ್ತನೇ ತರಗತಿ ಪಾಸಾದ ಹುಡುಗಿ. ಕೆಟ್ಟು ನಿಂತ ಪಂಪಸೆಟ್ಟು ಅವಳ ಚಪ್ಪಲಿ ಸಪ್ಪಳ ಕೇಳಿದರೆ ಹೆದರಿ ತಾನೇ ಚಾಲೂ ಆಗುತ್ತಿತ್ತು. ಅವಳ ಕೈಯಲ್ಲಿ ಒಂದು ಕಾಗದ.

“ಸಾವ್ಕಾರ್ರ, ಬೆಳಗಾಂವಿ ಸರ್ಕಾರಿ ಐಟಿಐದಾಗ ಈಕಿಗೆ ಸೀಟ್ ಸಿಕ್ಕೈತಿ. ಸೋಮವಾರ ಕಡೀ ದಿನ. ಆದ್ರ ಹುಡುಗೀನ ಅಷ್ಟ್ ದೂರ ಕಳಸಾಕ ನನ್ನ ಜೀವ ಒಲ್ಲಂತೈತಿ. ನಿಮ್ ಬೋರ್ಡ್ ನೋಡಿ ಬಂದೆ. ಇಲ್ಲೇ ಕಲಿತ್ರೂ ಅದೇ ಸರ್ಟಿಫಿಕೇಟ್ ಸಿಗ್ತೈತೇನ್ರಿ?”

“ಯಾಕ ಸಿಗಂಗಿಲ್ಲ” ಅನ್ನಲು ಅಪ್ಪಾಸಾಬರು ಬಾಯಿ ತೆರೆದರು. ಮೂಲೆಯಿಂದ ಅಕ್ಕವ್ವನ ದನಿ ಬಂತು.

“ಅಪ್ಪಾ, ಆ ಎಮ್ಮಿ ಮಾರಿದಾಂವಗ ಏನಂತ ಬೈದ್ಯೋ?”

“ಅದ್ಯಾಕ ಬೇ ಯವ್ವಾ ಈಗ?”

“ಅಂವ ಕೆಚ್ಚಲಾ ಉಬ್ಬಿಸಿ ತೋರ್ಸಿದಾ. ನೀ ಮಂದಿ ಮೋಟಾರ್ ತಂದು ತೋರಸ್ತಿ. ಫರಕ್ ಏನೈತೋ? ಎಮ್ಮಿ ಹ್ವಾದ್ರ ಇನ್ನೊಂದು ತರಬೋದು. ಈ ಹುಡುಗಿ ವರ್ಸ ಹ್ವಾದ್ರ ಯಾವ ಸಂತ್ಯಾಗ ಸಿಗ್ತೈತಿ?”

ಅಪ್ಪಾಸಾಬರ ತೆರೆದ ಬಾಯಿ ತೆರೆದೇ ಇತ್ತು. ಒಂದು ನೊಣ ಒಳಗೆ ಹೋಗಿ, ತಿರುಗಾಡಿ ಹೊರಗೂ ಬಂತು. ಆಮೇಲೆ ಅವರು ಮೆಲ್ಲಗೆ ಹೇಳಿದರು.

“ಕಾಳವ್ವಾ, ನಮಗ ಮಾನ್ಯತಿ ಇನ್ನಾ ಬಂದಿಲ್ಲ. ಬೋರ್ಡ್ ಮ್ಯಾಲ ಬರ್ಸಿದ್ದು ಸುಳ್ಳ. ಹುಡುಗೀನ ಬೆಳಗಾಂವಿಗೇ ಕಳಸು. ಸೋಮವಾರ ನಾನೇ ಜೀಪಿನ್ಯಾಗ ಬಿಟ್ಟ ಬರ್ತೀನಿ.”

“ಆದ್ರ ಈಕಿ ಅಲ್ಲಿ ಎಲ್ಲಿ ಇರೂದ್ರಿ?”

“ನನ್ನ ಮಗಳು ತಾರವ್ವನ ಮನಿ ಅಲ್ಲೇ ಐತೆವ್ವಾ,” ಎಂದಳು ಅಕ್ಕವ್ವ. “ಆಕಿ ಹಂತ್ಯಾಕ ಇರ್ಲಿ. ಹೊಟ್ಟಿತುಂಬ ರೊಟ್ಟಿ ಹಾಕ್ತಾಳ.”

ಕಾಳವ್ವ ಮಗಳ ಮುಖ ನೋಡಿದಳು. ಸುಂದರಾ ನಕ್ಕಳು. “ಸಾವ್ಕಾರ್ರ, ನಿಮ್ ಜೀಪ್ ನಡುದಾರ್ಯಾಗ ಕೆಟ್ರ ಅಂಜಬ್ಯಾಡ್ರಿ. ನಾ ಅದೀನಿ.”

ಅವತ್ತೇ ಬೋರ್ಡಿನ ಕೆಂಪು ಅಕ್ಷರಕ್ಕೆ ಸುಣ್ಣ ಬಿತ್ತು. ಅಪ್ಪಾಸಾಬರು ಹದಿನಾರೂ ಮನೆಗೆ ಹೋಗಿ ನಿಜ ಹೇಳಿ, ಫೀ ಹೊಳ್ಳಿ ಕೊಟ್ಟರು. ಇಬ್ಬರು ಬೈದರು, ಉಳಿದವರು ಚಹಾ ಕೊಟ್ಟರು. ತಪಾಸಣೆಗೆ ಬಂದ ಸಾಹೇಬರಿಗೆ ಇದ್ದ ಒಂದೇ ಮೋಟಾರು ತೋರಿಸಿದರು. ಸಾಹೇಬರು ಸಿಟ್ಟಾಗಲಿಲ್ಲ. ಏನೇನು ಬೇಕು ಎಂದು ಬರೆದುಕೊಟ್ಟು ಹೋದರು. ಮುಂದಿನ ವರ್ಷ ಆರು ಸ್ವಂತ ಮೋಟಾರು ಬಂದವು, ಮಾನ್ಯತೆಯ ಪತ್ರವೂ ಬಂತು. ಅಪ್ಪಾಸಾಬರು ಅದಕ್ಕೆ ಚೌಕಟ್ಟು ಹಾಕಿಸಿ, ಹಾದಿಹೋಕರೂ ಓದುವಂತೆ ಬಾಗಿಲ ಹೊರಗೇ ತೂಗುಹಾಕಿದರು. ಆಮೇಲೆಯೇ ಮಕ್ಕಳನ್ನು ಸೇರಿಸಿಕೊಂಡರು.

ಸುಂದರಾ ಬೆಳಗಾವಿಯಲ್ಲಿ ಪಾಸಾದಳು. ಕಲಿಸುವ ತರಬೇತಿಯನ್ನೂ ಮುಗಿಸಿ, ಅಪ್ಪಾಸಾಬರ ಐಟಿಐಯಲ್ಲೇ ರಾಜಾರಾಮ ಮಾಸ್ತರರ ಜೊತೆ ಪಾಠ ಹೇಳಲು ಬಂದಳು. ಅವಳ ದನಿ ಕೇಳಿದರೆ ಆರೂ ಮೋಟಾರು ಹೆದರಿ ನೆಟ್ಟಗೆ ತಿರುಗುತ್ತಿದ್ದವು.

ಅಣ್ಣಗಳಿರಾ, ಅಕ್ಕಗಳಿರಾ, ಎಮ್ಮೆ ಕೊಳ್ಳುವಾಗ ಮಾರುವವರ ಮನೆಯಲ್ಲೇ ಉಳಿದು ಮೂರು ಹೊತ್ತು ಹಿಂಡಿ ನೋಡುವವರು ನೀವು. ಮಕ್ಕಳನ್ನು ಕಾಲೇಜಿಗೆ ಹಾಕುವಾಗ ಬರೀ ಬೋರ್ಡು ನೋಡಿ ಬರಬೇಡಿ. ಮಾನ್ಯತೆಯ ಪತ್ರ ತೋರಿಸಿ ಅನ್ನಿ. ಹೇಳದೆ ಕೇಳದೆ ಒಂದು ದಿನ ಹೋಗಿ, ಮಷೀನು ತಿರುಗುತ್ತದೋ ಇಲ್ಲವೋ ನೋಡಿ, ಅಲ್ಲಿ ಕಲಿತ ಮಕ್ಕಳನ್ನು ಮಾತಾಡಿಸಿ. ಕಾಲೇಜು ನಡೆಸುವ ಸಾಹುಕಾರರೇ, ನಿಮಗೂ ಒಂದು ಮಾತು. ಇದ್ದದ್ದನ್ನು ಇದ್ದ ಹಾಗೆ ತೋರಿಸಿ, ಮಾನ್ಯತೆ ಕೈಗೆ ಬಂದ ಮೇಲೆಯೇ ಬಾಗಿಲು ತೆರೆಯಿರಿ. ನಿಮ್ಮ ಮಾತು ನಂಬಿ ಬರುವ ಹುಡುಗಿಯ ಕೈಯಲ್ಲಿ ಸೋಮವಾರವೇ ಕಡೆಯ ದಿನ ಅನ್ನುವ ಕಾಗದ ಇದ್ದೀತು.