ಸಿದ್ದರಾಮನ ಗಾಡಿಯ ಕರಿ ಡಬ್ಬಿ

ಪೆಟ್ರೋಲ್ ಕಾರಿನ ಬಾನೆಟ್ ಎತ್ತಿದರೆ ಒಂದು ಮೂಲೆಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡದಾದ ಕರಿ ಪ್ಲಾಸ್ಟಿಕ್ಕಿನ ಡಬ್ಬಿಯೊಂದು ಇರುತ್ತದೆ. ಒಳಗೆ ಇದ್ದಿಲು ತುಂಬಿರುತ್ತದೆ. ಟ್ಯಾಂಕಿನ ಪೆಟ್ರೋಲು ಬಿಸಿಲಿಗೆ ಕಾದು ಬಿಡುವ ಆವಿ ಸಣ್ಣ ಪೈಪಿನಲ್ಲಿ ಬಂದು ಈ ಇದ್ದಿಲಿಗೆ ಅಂಟಿಕೊಳ್ಳುತ್ತದೆ. ಗಾಡಿ ಓಡುವಾಗ ಎಂಜಿನ್ ಅದನ್ನು ಎಳೆದುಕೊಂಡು ಸುಟ್ಟುಹಾಕುತ್ತದೆ. ಅಷ್ಟೇ ಅದರ ಕೆಲಸ. ಅದಿಲ್ಲದಿದ್ದರೂ ಗಾಡಿ ಓಡುತ್ತದೆ, ಗುಡ್ಡ ಹತ್ತುತ್ತದೆ, ಹಾರ್ನ್ ಹೊಡೆಯುತ್ತದೆ. ಹಾಗಾಗಿ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಆ ಡಬ್ಬಿಗೆ ಮೂರು ಕಾಸಿನ ಮರ್ಯಾದೆ ಇಲ್ಲ. ಇಪ್ಪತ್ತಾರು ವರ್ಷದಿಂದ ಯರಗಟ್ಟಿಯಲ್ಲಿ, ಬೆಳಗಾವಿ ರಸ್ತೆಯ ಮೇಲೆ ಗಾಡಿ ರಿಪೇರಿಯ ಮಿಸ್ತ್ರಿಯಾಗಿ ಪಾನಾ ಹಿಡಿದು ನಿಂತವನು ನಾನು. ಎಷ್ಟು ಡಬ್ಬಿಗಳನ್ನು ಕಿತ್ತು ಗುಜರಿಗೆ ಎಸೆದಿದ್ದೇನೋ ನನಗೇ ಗೊತ್ತಿಲ್ಲ. ಅದು ಕಂಪನಿಯವರು ಸರ್ಕಾರಕ್ಕೆ ತೋರಿಸಲು ಇಟ್ಟ ಆಟಿಕೆ ಎಂದು ಗಿರಾಕಿಗಳ ಮುಂದೆ ನಗುತ್ತಲೂ ಇದ್ದೆ. ಅವರೂ ನಗುತ್ತಿದ್ದರು.

ಸಿದ್ದರಾಮ ನಮ್ಮೂರಿನವನೇ. ಬೈಲಹೊಂಗಲ, ಕಿತ್ತೂರು ಕಡೆಯ ಮಂದಿಯನ್ನು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬಾಡಿಗೆಗೆ ಕರೆದೊಯ್ಯುತ್ತಿದ್ದ. ಒಂದೇ ಗಾಡಿ, ಬಿಳೀ ಕಾರು. ಕಳೆದ ಯುಗಾದಿಗೆ ಹನ್ನೆರಡು ದಿನ ಇರುವಾಗ ಮುನವಳ್ಳಿಯ ಹತ್ತಿರ ರೇಡಿಯೇಟರಿನ ನೀರು ಸೋರಿ ಎಂಜಿನ್ ಕಾದು ಹಿಡಿದುಕೊಂಡಿತು. ನನ್ನ ಗ್ಯಾರೇಜಿಗೆ ಎಳೆದು ತಂದರು. ಹುಬ್ಬಳ್ಳಿಯ ಗುಜರಿಯಿಂದ ಅದೇ ಜಾತಿಯ, ಆದರೆ ಹಳೆಯ ಮಾಡೆಲ್ಲಿನ ಎಂಜಿನ್ ತರಿಸಿದೆ. ಎಂಜಿನ್ ಚೆನ್ನಾಗಿತ್ತು. ಆವಿಯನ್ನು ಎಳೆದುಕೊಳ್ಳುವ ವಾಲ್ವ್ ಮಾತ್ರ ಅದರಲ್ಲಿ ಇರಲಿಲ್ಲ. ಸಾಲದ್ದಕ್ಕೆ ಕೆಟ್ಟುಹೋದ ಎಂಜಿನ್ನನ್ನು ಚೈನ್ ಹಾಕಿ ಮೇಲೆತ್ತುವಾಗ ಅದು ಕರಿ ಡಬ್ಬಿಗೆ ಬಡಿದು, ಪೈಪ್ ಕೂಡುವ ಕತ್ತು ಲಟಕ್ಕನೆ ಮುರಿಯಿತು.

ಹೊಸ ಡಬ್ಬಿ, ವಾಲ್ವ್ ತರಿಸಲು ಐದಾರು ದಿನ ಬೇಕಿತ್ತು. ಸಿದ್ದರಾಮ ಅವಸರದವನಲ್ಲ. ಎಂಜಿನ್ನಿಗೆ ನೆಗಡಿಯಾಗಿದೆ, ನಾಲ್ಕು ದಿನ ಮಲಗಲಿ ಎಂದಿದ್ದರೆ ಮನೆಯಿಂದ ಕಂಬಳಿ ತಂದು ಹೊದಿಸುವ ಮನುಷ್ಯ. ಅವಸರ ಇದ್ದದ್ದು ನನಗೆ. ಮೂರು ದಿನದಲ್ಲಿ ಎಂಜಿನ್ ಬದಲಿಸಿ ಕೊಡುವ ಮಿಸ್ತ್ರಿ ಎಂದು ರಾಮದುರ್ಗದವರೆಗೆ ನನ್ನ ಹೆಸರು. ಆ ಹೆಸರಿಗೆ ಒಂದು ಪ್ಲಾಸ್ಟಿಕ್ ಡಬ್ಬಿ ಅಡ್ಡ ಬರುವುದನ್ನು ನನಗೆ ಸಹಿಸಲಾಗಲಿಲ್ಲ.

ಟ್ಯಾಂಕಿನಿಂದ ಬಂದ ಆವಿಯ ಪೈಪು ಬಾಯಿ ತೆರೆದುಕೊಂಡು ಜೋತಾಡುತ್ತಿತ್ತು. ಅದಕ್ಕೆ ಬೋಲ್ಟ್ ಬಡಿದು ಮುಚ್ಚಿದರೆ ಬೇಸಿಗೆಯಲ್ಲಿ ಟ್ಯಾಂಕ್ ಉಬ್ಬುತ್ತದೆ, ಮುಚ್ಚಳ ತೆರೆದವರ ಮುಖಕ್ಕೆ ಪೆಟ್ರೋಲು ಚಿಮ್ಮುತ್ತದೆ. ಅಷ್ಟು ನನಗೆ ಗೊತ್ತಿತ್ತು. ಆದ್ದರಿಂದ ಬಾಯಿ ತೆರೆದೇ ಬಿಟ್ಟು, ಎಂಜಿನ್ನಿನ ಪಕ್ಕದ ಕಂಬಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದೆ. ಆವಿ ತಾನೇ, ಗಾಳಿಗೆ ಹೋಗಲಿ ಎಂದುಕೊಂಡೆ. ಸಿದ್ದರಾಮ ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರನೆಯ ದಿನ ಸಂಜೆ ಅವನು ಗಾಡಿ ಚಾಲೂ ಮಾಡಿ ಸದ್ದು ಕೇಳಿ, "ಮಿಸ್ತ್ರಿ, ನಿಮ್ಮ ಕೈಗುಣ ಭಾಳ ಚಲೋ ಐತಿ ನೋಡ್ರಿ" ಎಂದು ಹೊರಟುಹೋದ.

ನಾಲ್ಕು ದಿನದ ಮೇಲೆ ಫೋನ್ ಮಾಡಿದ.

"ಮಿಸ್ತ್ರಿ, ಮುಂಜಾನೆ ಶೆಡ್ಡಿನ ಶಟರ್ ಎತ್ತಿದ ಕೂಡ್ಲೆ ಪೆಟ್ರೋಲ್ ವಾಸನಿ ಹೊಡೀತೈತ್ರಿ."

"ಹೊಸದಾಗಿ ಕೂಡಿಸಿದ ಎಂಜಿನ್ ಐತಲ್ಲೊ. ನಾಕ ದಿನ ಇರತೈತಿ, ಆಮ್ಯಾಲ ತಾನ ಹೋಗತೈತಿ."

"ಹಂಗಾದ್ರ ಚಿಂತಿಲ್ಲ ಬಿಡ್ರಿ."

ಅವನಿಗೆ ನಿಜವಾಗಿಯೂ ಚಿಂತೆ ಇರಲಿಲ್ಲ. ನನ್ನ ಮಾತು ನಂಬಿದ್ದ. ನಾನು ಕೈಯಲ್ಲಿದ್ದ ಕೆಲಸ ಮುಂದುವರಿಸಿದೆ.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡದ ಡ್ರೈವರ್ ಸಿಗುವುದಿಲ್ಲ. ಯುಗಾದಿಯ ಹಿಂದಿನ ಅಮಾವಾಸ್ಯೆಯಂತೂ ದೊಡ್ಡದು. ಮರುದಿನ ನಸುಕಿನಲ್ಲಿ ಗುಡ್ಡದ ಬಾಡಿಗೆ ಇದ್ದುದರಿಂದ ಸಿದ್ದರಾಮ ಮಧ್ಯಾಹ್ನವೇ ಟ್ಯಾಂಕ್ ತುಂಬಿಸಿ, ಗಾಡಿ ತೊಳೆದು, ಧೂಳು ಕೂರಬಾರದೆಂದು ಮನೆಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಶಟರ್ ಎಳೆದ. ಮೇಲೆ ತಗಡು, ಮಾರ್ಚಿನ ಬಿಸಿಲು, ಕಂಠಮಟ ತುಂಬಿದ ಟ್ಯಾಂಕು. ಪೆಟ್ರೋಲಿನ ಆವಿ ಹೊಗೆಯ ಹಾಗೆ ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಮಲಗುತ್ತದೆ. ನಾಲ್ಕು ತಾಸು ಅದು ಆ ಶೆಡ್ಡಿನಲ್ಲಿ ತುಂಬುತ್ತಲೇ ಇದ್ದಿರಬೇಕು.

ದೀಪ ಹಚ್ಚುವ ಹೊತ್ತಿಗೆ ಅವನು ಒಳಗೆ ಹೋದ. ಹೊಸ ಎಂಜಿನ್ನಿಗೂ ವಿಭೂತಿ ಹಚ್ಚಬೇಕೆಂದು ಬಾನೆಟ್ ಎತ್ತಿದ. ಗಾಳಿಗೆ ಕರ್ಪೂರ ಆರಬಾರದೆಂದು ಶಟರನ್ನು ಅರ್ಧ ಇಳಿಸಿದ್ದನಂತೆ. ವಾಸನೆ ಬಂದಿರಲೇಬೇಕು, ಆದರೆ ಅದು ನಾಲ್ಕು ದಿನ ಇದ್ದು ಹೋಗುವ ವಾಸನೆ ಎಂದು ಮಿಸ್ತ್ರಿ ಹೇಳಿದ್ದನಲ್ಲ. ಆರತಿ ಎತ್ತಿ, ತಾಟು ಹಿಡಿದುಕೊಂಡೇ ಗಾಲಿಯ ಕೆಳಗೆ ಲಿಂಬೆಹಣ್ಣು ಇಡಲು ಬಗ್ಗಿದ. ಅವನ ಹೆಂಡತಿ ಅನ್ನಪೂರ್ಣಾ ಆರು ವರ್ಷದ ಮಗಳು ಮಾಲಾಳ ಕೈಹಿಡಿದು ಶೆಡ್ಡಿನ ಹೊರಗೆ ಅಂಗಳದಲ್ಲಿ ನಿಂತಿದ್ದಳು. ಧಡ್ ಎಂದು ಸದ್ದಾಯಿತು, ಶಟರ್ ಹೊರಕ್ಕೆ ಉಬ್ಬಿತು, ಕೆಳಗಿನ ಸಂದಿನಿಂದ ಬೆಂಕಿ ನೆಲದ ಮೇಲೆಯೇ ಹರಿದು ಬಂತು ಎಂದು ಅವಳು ಆಮೇಲೆ ಹೇಳಿದಳು. ಓಣಿಯವರು ಅವನನ್ನು ಎಳೆದು ತೆಗೆಯುವಷ್ಟರಲ್ಲಿ ಮೈ ಮುಕ್ಕಾಲು ಸುಟ್ಟಿತ್ತು. ಬೆಳಗಾವಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ.

ಬೆಂಕಿ ಬಿದ್ದ ಮರುದಿನ ಮುಂಜಾನೆಯೇ ಪೊಲೀಸರು ಪಂಚನಾಮೆಗೆ ನನ್ನನ್ನೇ ಕರೆದರು. ಗಾಡಿ ಬಲ್ಲವನು ನಾನಲ್ಲವೆ. ಬಾನೆಟ್ಟಿನ ಕೆಳಗೆ ರಬ್ಬರೆಲ್ಲ ಸುಟ್ಟು ಹೋಗಿ ಕಬ್ಬಿಣದ ಪೈಪಿನ ಬಾಯಿ ತೆರೆದೇ ಇತ್ತು. ಅದನ್ನು ನೋಡಿದ ಕ್ಷಣವೇ ನನಗೆ ಎಲ್ಲ ತಿಳಿಯಿತು.

"ಏನ ಆಗಿರಬೇಕ್ರಿ ಮಿಸ್ತ್ರಿ?" ಎಂದು ಹವಾಲ್ದಾರರು ಕೇಳಿದರು.

"ಆರತಿ ಕಿಡಿ ತಾಗಿರಬೇಕ್ರಿ ಸಾಹೇಬ್ರ" ಎಂದೆ.

ಅದು ಸುಳ್ಳಲ್ಲ, ಕಿಡಿ ತಾಗಿದ್ದು ನಿಜವೇ. ಅವರು ಬರೆದುಕೊಂಡರು. ನಾನು ಸಹಿ ಮಾಡಿದೆ.

ಆಸ್ಪತ್ರೆಗೆ ದಿನಾ ಹೋಗುತ್ತಿದ್ದೆ. ಬಾಗಿಲ ಹೊರಗೆ ಬೆಂಚಿನ ಮೇಲೆ ಸಿದ್ದರಾಮನ ತಾಯಿ ಬಾಯವ್ವ, ಅಣ್ಣ ಲಗಮಣ್ಣ ಕುಳಿತಿರುತ್ತಿದ್ದರು. ನಾಲ್ಕನೆಯ ದಿನವೋ ಐದನೆಯ ದಿನವೋ ಅನ್ನಪೂರ್ಣಾ ಅತ್ತೆಯ ಕಾಲ ಬಳಿ ಕುಸಿದು ಕುಳಿತಳು.

"ಅತ್ತಿ, ನಾ ಹೊರಗಾಗಿ ಮೂರನೇ ದಿನ ಇತ್ತ್ರಿ. ಆರತಿ ತಾಟ ನಾನ ತುಂಬಿ ಕೊಟ್ಟೆ. ನಿಮ್ಮ ಮೊಣಕಾಲ ನೋವ ನೋಡಿ ಎಬ್ಬಸಲಿಲ್ಲ. ಒಳಗ ಹೋಗಬಾರದಂತ ಅಂಗಳದಾಗ ನಿಂತಿದ್ದೆ. ಯಾರಿಗೂ ಹೇಳಲಿಲ್ಲ."

ಬಾಯವ್ವ ಕೆಟ್ಟ ಹೆಂಗಸಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ. ಸೊಸೆಯ ನೆತ್ತಿಯನ್ನು ನೋಡಿ, "ಹೇಳಬೇಕಿತ್ತವಾ" ಎಂದಳು. ಅಷ್ಟರಲ್ಲೇ ತೀರ್ಮಾನವಾಗಿಹೋಯಿತು. ಮುಟ್ಟಾದವಳು ತುಂಬಿದ ತಾಟು, ಅಮಾವಾಸ್ಯೆಯ ಪೂಜೆ, ಬೆಂಕಿ. ಇನ್ನೇನು ಪುರಾವೆ ಬೇಕು? ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಆಗ ಬಾಯಿ ಬಿಡಬೇಕಿತ್ತು. ಸಿದ್ದರಾಮ ಇನ್ನೂ ಬದುಕಿದ್ದಾನೆ, ಎದ್ದು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನಂಥ ಹೇಡಿಗೆ ನೆಪ ಹುಡುಕಲು ಕಷ್ಟವಾಗಲಿಲ್ಲ.

ಅವನು ಏಳಲಿಲ್ಲ. ಮಣ್ಣು ಮುಗಿಯಿತು, ದಿನಗಳೂ ಮುಗಿದವು. ಹಿರಿಯರು ಕುಳಿತು ಮಾತಾಡಿ, ಅನ್ನಪೂರ್ಣಾ ಮುನವಳ್ಳಿಯ ತವರಿಗೆ ಹೋಗಬೇಕು, ಮಾಲಾ ಅಜ್ಜಿಯ ಹತ್ತಿರವೇ ಇರಬೇಕು ಎಂದು ನಿಕಾಲಿ ಮಾಡಿದರು. ಅಪ್ಪನನ್ನು ತಿಂದವಳ ಸೆರಗಿನಲ್ಲಿ ಮಗು ಬೆಳೆಯಬಾರದಂತೆ. ಅನ್ನಪೂರ್ಣಾ ಎದುರಾಡಲಿಲ್ಲ. ತಪ್ಪು ತನ್ನದೇ ಎಂದು ನಂಬಿದವಳು ಏನು ಎದುರಾಡುತ್ತಾಳೆ?

ಇದು ಅಂದು ರಾತ್ರಿ ನನ್ನ ಕಿವಿಗೆ ಬಿತ್ತು. ಮರುದಿನ ಅವರ ಮನೆಗೆ ಹೋದೆ. ಬಾಯವ್ವ ಒಳಬಾಗಿಲಲ್ಲಿ ಕುಳಿತಿದ್ದಳು, ಲಗಮಣ್ಣ ಕಟ್ಟೆಯ ಮೇಲಿದ್ದ.

"ಲಗಮಣ್ಣ, ತಪ್ಪ ನಂದೈತಿ" ಎಂದೆ. "ಎಂಜಿನ್ ಕೂಡಿಸುವಾಗ ಆವಿ ಹಿಡಿಯೋ ಡಬ್ಬಿ ಒಡೀತು. ಹೊಸಾದು ಹಾಕಲಿಲ್ಲ. ಪೈಪಿನ ಬಾಯಿ ತಗದ ಬಿಟ್ಟೆ. ಟ್ಯಾಂಕಿನ ಆವಿ ಶೆಡ್ಡಿನ್ಯಾಗ ತುಂಬಿತ್ತು, ಅದಕ್ಕ ಬೆಂಕಿ ಹತ್ತೇತಿ. ತಂಗೀದು ಏನೂ ತಪ್ಪಿಲ್ಲ."

ಲಗಮಣ್ಣ ಅಡತಿ ಅಂಗಡಿಯಲ್ಲಿ ತೂಕ ಮಾಡುವವನು, ಎಲ್ಲವನ್ನೂ ತೂಗಿಯೇ ಮಾತಾಡುತ್ತಾನೆ.

"ಆ ಡಬ್ಬಿ ಇಲ್ಲದ ಗಾಡಿ ಈ ಕಡೆ ಎಷ್ಟ ಅದಾವ್ರಿ?"

"ನಾ ಕಿತ್ತದ್ದ ನಲವತ್ತ ಐವತ್ತ ಇರಬೇಕು."

"ಅವಕ್ಕೂ ಅಮಾಸಿ ಪೂಜಿ ಮಾಡತಾರಲ್ರಿ?"

"ಮಾಡತಾರ."

"ಯಾವರ ಸುಟ್ಟಾವೇನ್ರಿ?"

"ಇಲ್ಲ."

"ಮತ್ತ?"

ಆ 'ಮತ್ತ'ಕ್ಕೆ ನನ್ನ ಹತ್ತಿರ ಉತ್ತರವಿತ್ತು. ತುಂಬಿದ ಟ್ಯಾಂಕು, ತಗಡಿನ ಶೆಡ್ಡು, ಮುಚ್ಚಿದ ಶಟರು, ಎಲ್ಲ ಹೇಳಿದೆ. ಅವನು ಮರುಕದಿಂದ ಕೇಳಿಸಿಕೊಂಡ. ಬಾಯವ್ವ ಕಣ್ಣೊರೆಸಿಕೊಂಡಳು.

"ನೀ ಭಾಳ ಒಳ್ಳೆಂವ ಅದಿಯಪಾ. ನನ್ನ ಸೊಸಿ ತಪ್ಪ ನಿನ್ನ ಮೈಮ್ಯಾಲ ಹಾಕ್ಕೊಬ್ಯಾಡ. ಕುಂದರು, ಚಾ ಕುಡದ ಹೋಗು."

ನಾನು ಕುಳಿತೆ. ಚಹಾ ಕುಡಿದೆ. ನಿಜ ಹೇಳಬೇಕೆಂದರೆ, ಅವರು ನಂಬದೆ ಹೋದದ್ದಕ್ಕೆ ಎದೆ ಹಗುರಾಯಿತು. ಹೇಳುವುದನ್ನು ಹೇಳಿದ್ದೇನೆ, ಕೇಳದಿದ್ದರೆ ಅವರ ಹಣೆಬರಹ ಎಂದುಕೊಂಡು ಗ್ಯಾರೇಜಿಗೆ ಬಂದೆ. ಆ ಚಹಾದ ರುಚಿ ಇವತ್ತಿಗೂ ನನ್ನ ನಾಲಿಗೆಯಿಂದ ಹೋಗಿಲ್ಲ.

ಎರಡು ದಿನ ಬಿಟ್ಟು, ಮುಂಜಾನೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅನ್ನಪೂರ್ಣಾ ಕಂಡಳು. ಒಂದು ಚೀಲ, ಕೈಯಲ್ಲಿ ಉಚಿತ ಟಿಕೆಟಿಗೆ ತೋರಿಸುವ ಆಧಾರ್ ಕಾರ್ಡು. ಮಗಳಿರಲಿಲ್ಲ. ಅವಳು ಆ ತಪ್ಪನ್ನು ಹೊತ್ತುಕೊಂಡು ಬಸ್ ಹತ್ತುವುದನ್ನು ನೋಡಲಾಗಲಿಲ್ಲ. ಹತ್ತಿರ ಹೋಗಿ ಡಬ್ಬಿ ಒಡೆದದ್ದರಿಂದ ಹಿಡಿದು ಸಿದ್ದರಾಮನ ಫೋನಿನವರೆಗೆ ಒಂದೂ ಬಿಡದೆ ಹೇಳಿದೆ. ಅವಳು ಅಳಲಿಲ್ಲ.

"ಆ ಡಬ್ಬಿ ತರಸಾಕ ಎಷ್ಟ ದಿನ ಹಿಡೀತಿತ್ರಿ ಅಣ್ಣಾರ?"

"ಐದಾರ ದಿನ."

"ಹೇಳಿದ್ರ ಅಷ್ಟ ದಿನ ತಡೀತಿದ್ರು ಅವರು."

ಅವಳು ಬೈದಿದ್ದರೆ, ನಾಲ್ಕು ಮಂದಿಯ ಮುಂದೆ ಚಪ್ಪಲಿ ತೆಗೆದುಕೊಂಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಕಾರ್ಡನ್ನು ಬೆರಳುಗಳ ನಡುವೆ ತಿರುವುತ್ತ ಏನೋ ಯೋಚಿಸುತ್ತಿದ್ದಳು.

"ನಮ್ಮತ್ತಿ ಮುಂದ ಹೇಳೀರಿ ಅಂತ ಗೊತ್ತೈತ್ರಿ. ಬಾಯಿಮಾತ ಯಾರ ನಂಬತಾರ? ಸ್ಟೇಷನ್ನಾಗ ಬರದ ಕೊಡ್ರಿ. ಪೊಲೀಸರ ಶಿಕ್ಕಾ ಬಿದ್ದ ಕಾಗದ ಆದ್ರ ಭಾವಾರೂ ಒಪ್ಪತಾರ. ಅದನ್ನ ತೋರಿಸಿ ಮಾಲಾನ ಕರಕೊಂಡ ಹೋಗತೇನಿ. ನನಗ ಮತ್ತೇನೂ ಬ್ಯಾಡ. ಬರದ ಕೊಡ್ತೀರೇನ್ರಿ?"

ಬರೆದುಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಒಬ್ಬನ ಸಾವಿಗೆ ಕಾರಣನಾದ ಕೇಸು, ಪಂಚನಾಮೆಯಲ್ಲಿ ಮುಚ್ಚಿಟ್ಟದ್ದಕ್ಕೆ ಇನ್ನೊಂದು. ಗ್ಯಾರೇಜಿಗೆ ಬೀಗ. ರಾಮದುರ್ಗದವರೆಗೆ ಹಬ್ಬಿದ ಹೆಸರಿಗೆ ಮಣ್ಣು. ಇವೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಹಾದುಹೋದವು. ಮುನವಳ್ಳಿಯ ಬಸ್ಸು ಬಂದು ನಿಂತಿತು. ಅವಳು ಏಳದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ನೋಡೂಣು ತಂಗಿ" ಎಂದೆ.

ನೋಡೂಣು ಎಂದರೆ ಏನರ್ಥ ಎಂದು ನಮ್ಮ ಕಡೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಹ್ಞೂಂ ಎಂದು ತಲೆಯಾಡಿಸಿ, ಚೀಲ ಎತ್ತಿಕೊಂಡು ಬಸ್ ಹತ್ತಿದಳು. ಕಿಟಕಿಯ ಬಳಿ ಕುಳಿತು ಮುಂದೆ ನೋಡಿದಳು.

ಇದಾಗಿ ಎಂಟು ತಿಂಗಳಾಯಿತು. ಈಗ ನಾನು ಕರಿ ಡಬ್ಬಿ ಇಲ್ಲದೆ ಯಾವ ಗಾಡಿಯನ್ನೂ ಹೊರಗೆ ಬಿಡುವುದಿಲ್ಲ. ಹಿಂದೆ ನಾನು ಡಬ್ಬಿ ಕಿತ್ತ ಗಾಡಿಯವರನ್ನೂ ಹುಡುಕಿ ಕರೆದು ಹಾಕಿಕೊಡುತ್ತಿದ್ದೇನೆ. ಮಿಸ್ತ್ರಿಗೆ ವಯಸ್ಸಾಯಿತು ಎಂದು ನಗುತ್ತಾರೆ. ಮಾಲಾ ಅಜ್ಜಿಯ ಕೈಹಿಡಿದು ನನ್ನ ಗ್ಯಾರೇಜಿನ ಮುಂದಿನಿಂದಲೇ ಶಾಲೆಗೆ ಹೋಗುತ್ತಾಳೆ. "ಕಾಕಾಗ ಶರಣ ಅನ್ನವಾ, ಭಾಳ ದೊಡ್ಡ ಮನಸಿನಂವ" ಎಂದು ಬಾಯವ್ವ ಹೇಳಿಕೊಡುತ್ತಾಳೆ. ಹುಡುಗಿ ಎರಡೂ ಕೈ ಜೋಡಿಸುತ್ತಾಳೆ. ನಾನೂ ಜೋಡಿಸುತ್ತೇನೆ.

ಸ್ಟೇಷನ್ನಿಗೆ ಇನ್ನೂ ಹೋಗಿಲ್ಲ. ಅಲ್ಲಿ ಬರೆದುಕೊಡಬೇಕಾದದ್ದನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಸತ್ತವನ ಹೆಸರಿದೆ, ಅವನ ಹೆಂಡತಿಯ ಹೆಸರಿದೆ, ಆರು ವರ್ಷದ ಮಗುವಿನ ಹೆಸರೂ ಇದೆ. ನನ್ನ ಹೆಸರು ಬರೆಯಲು ಮಾತ್ರ ಕೈ ಬರಲಿಲ್ಲ.