ಕೊನೆಯವನನ್ನು ಮಾತ್ರ ಕೇಳಿದ ತಪ್ಪು

ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ದನಿ ಹಿಡಿದಿಡುವ ಪುಟ್ಟ ಸ್ಟುಡಿಯೋ ಅದು. ಓದುವವರು ಅತ್ತೆ, ಕಂಪ್ಯೂಟರ್ ನೋಡಿಕೊಳ್ಳುವವಳು ಸೊಸೆ. ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದು ಮುಖ ಊದಿಸಿಕೊಂಡರೂ ಇಲ್ಲಿ ಗಾಜಿನ ಗೋಡೆಯ ಆಚೀಚೆ ಕೂತು ಕಣ್ಣಲ್ಲೇ ಮಾತಾಡಿಕೊಳ್ಳುವರು.

ಮೊನ್ನೆ ಕಾದಂಬರಿಯ ಒಂದು ಅಧ್ಯಾಯ ಗಾಳಿಗೆ ಹೋಯಿತು. ಕಂಪ್ಯೂಟರಿನ ಶೆಲ್‌ಗೆ, ಅಂದರೆ ಆಜ್ಞೆ ಕೇಳಿ ಕೆಲಸ ಮಾಡಿಸುವ ಮೇಸ್ತ್ರಿಗೆ, ಸೊಸೆ ಬರೆದಿಟ್ಟ ಆಜ್ಞೆಗಳೇನೋ ಸರಳವೇ: ಒಂದು ಆಜ್ಞೆ ದನಿ ಹಿಡಿದಿಟ್ಟ ಮೆಮೊರಿ ಕಾರ್ಡನ್ನು ಓದಿ, ಆಜ್ಞೆಯಿಂದ ಆಜ್ಞೆಗೆ ಹರಿಸುವ ಪೈಪಿನೊಳಗೆ ಮುಂದಕ್ಕೆ ಕೊಡಬೇಕು, ಇನ್ನೊಂದು ಅದನ್ನು ಕುಗ್ಗಿಸಿ ಫೈಲಿನಲ್ಲಿ ಉಳಿಸಬೇಕು, ಅದು ಸರಿಹೋದರೆ ಮಾತ್ರ ಕಾರ್ಡು ಅಳಿಸಬೇಕು. ನೋಡಿದರೆ ಫೈಲೂ ಖಾಲಿ, ಕಾರ್ಡೂ ಖಾಲಿ. ಅತ್ತೆ ಆ ಅಧ್ಯಾಯವನ್ನು ಮತ್ತೆ ಓದಿದರು. ಕೊನೆಯ ಅಧ್ಯಾಯ ಮುಗಿಸುವಷ್ಟರಲ್ಲಿ ಗಂಟಲು ಕೂತೇ ಹೋಯಿತು.

ಆ ಕೊನೆಯ ಅಧ್ಯಾಯವಿದ್ದ ಕಾರ್ಡೀಗ ಸೊಸೆಯ ಅಂಗೈಯಲ್ಲಿತ್ತು. ಸಂಜೆ ಕೇಳುಗರು ಬರುತ್ತಾರೆ. ಅಳಿಸದೆ ಇಡೋಣವೆಂದರೆ ಇರುವುದು ಒಂದೇ ಕಾರ್ಡು, ಮಧ್ಯಾಹ್ನ ಇನ್ನೊಬ್ಬರ ಓದಿಗೆ ಬೇಕು. ಇದೂ ಹೋದರೆ ಮತ್ತೆ ಓದಲು ಅತ್ತೆಗೆ ದನಿಯಿಲ್ಲ.

ಬೆಳಗೆಲ್ಲ ತಲೆ ಕೆರೆದುಕೊಂಡ ಮೇಲೆ ಕಳ್ಳ ಸಿಕ್ಕಿದ. ಪೈಪಿನಲ್ಲಿ ಎಷ್ಟು ಆಜ್ಞೆಗಳಿದ್ದರೂ ಕೆಲಸ ಆಯಿತೇ ಎಂದು ಶೆಲ್ ವಿಚಾರಿಸುವುದು ಕೊನೆಯದನ್ನು ಮಾತ್ರ. ಮೊನ್ನೆ ಓದುವ ಆಜ್ಞೆ ಮುಗ್ಗರಿಸಿ ಬಿದ್ದಿತ್ತು. ಕುಗ್ಗಿಸುವುದು ಬಂದ ಶೂನ್ಯವನ್ನೇ ಒಪ್ಪವಾಗಿ ಗಂಟು ಕಟ್ಟಿ, ತನ್ನ ಕೆಲಸ ಆಯಿತೆಂದು ಬಿಟ್ಟಿತ್ತು.

ಅತ್ತೆ ಪಿಸುಗುಟ್ಟಿದರು: "ಬಡಿಸಿದವನನ್ನ ಕೇಳಿದ್ದೀಯ. ಅಡಿಗೆ ಮಾಡಿದವಳನ್ನ ಯಾರು ಕೇಳ್ತಾರೆ, ನಮ್ಮನೇಲಾದ್ರೂ?"

ಸೊಸೆ ಮೇಲ್ಗಡೆ ಪೈಪ್‌ಫೇಲ್ ಎಂಬ ಒಂದು ಸಾಲು ಸೇರಿಸಿದಳು. ಇನ್ನು ಯಾವ ಆಜ್ಞೆ ಎಡವಿದರೂ ಇಡೀ ಸಾಲೇ ಎಡವಿದಂತೆ. ಅಳಿಸುವ ಮಾತೇ ಇಲ್ಲ, ಬದಲಿಗೆ ತಪ್ಪಾಯಿತೆಂದು ಹೇಳಬೇಕು. ಕಾರ್ಡು ಸಿಕ್ಕಿಸಿ ಆಜ್ಞೆ ಕೊಟ್ಟಳು.

ಪರದೆಯ ಮೇಲೆ ಕೆಂಪಕ್ಷರ: ಓದಲಾಗಲಿಲ್ಲ, ಕಾರ್ಡು ಹಾಗೇ ಇದೆ.

ಸೊಸೆ ಕುರ್ಚಿಯಿಂದೆದ್ದು ಕುಣಿದೇಬಿಟ್ಟಳು.

"ತಪ್ಪಾಗಿದೆ ಅಂದ್ರೆ ಕುಣೀತೀಯಲ್ಲೇ?"

"ಈ ಸಲ ಬಾಯಿಬಿಟ್ಟು ಹೇಳ್ತಲ್ಲ ಅತ್ತೆ. ಮೊನ್ನೆ ಹೇಳಲೇ ಇಲ್ಲ."

ಕಾರ್ಡಿನ ಹಲ್ಲುಗಳ ಮೇಲಿನ ಧೂಳೊರೆಸಿ ಮತ್ತೆ ಸಿಕ್ಕಿಸಿದಾಗ ಹಸಿರಕ್ಷರ ಬಂತು. ಹೆಡ್‌ಫೋನು ಅತ್ತೆಯ ಕಿವಿಗೇರಿತು. ಮೊದಲ ವಾಕ್ಯಕ್ಕೇ ಅವರ ಮುಖ ಅರಳಿತು.

ಸಂಜೆ ಕೊನೆಯ ಪುಟ ಮುಗಿದರೂ ಒಬ್ಬರೂ ಏಳಲಿಲ್ಲ. ಮುಂದಿನ ಪುಸ್ತಕ ಯಾವಾಗಮ್ಮ ಎಂದು ಮುದುಕರೊಬ್ಬರು ಕೇಳಿದರು. ದನಿಯಿಲ್ಲದ ಅತ್ತೆ ಎರಡು ಬೆರಳೆತ್ತಿ ತೋರಿಸಿದರು, ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡು ಸೊಸೆಯ ಮೊಣಕೈ ತಿವಿದರು.

"ಎರಡು ವಾರ ಅಂತಿದ್ದಾರೆ ನಮ್ಮತ್ತೆ," ಎಂದಳು ಸೊಸೆ, "ಬೆರಳಲ್ಲಿ."

ಕೋಣೆಗೆ ಕೋಣೆಯೇ ನಕ್ಕಿತು.