ಅಂಚೆಯವನ ಸಂಜೆ ನಡಿಗೆ

ಅಂಚೆಯವನಿಗೆ ದಿನಕ್ಕೆ ಹದಿನಾಲ್ಕು ಕಿಲೋಮೀಟರು ನಡಿಗೆ. ಅವನ ಪಾಲಿಗೆ ಬಂದ ಬೀದಿಗಳೆಲ್ಲ ಬರೀ ಮೆಟ್ಟಿಲು. ಇಪ್ಪತ್ತಾರು ವರ್ಷ ಹತ್ತಿಳಿದು ಹಿಮ್ಮಡಿ ಸೋತುಹೋಗಿತ್ತು. ಮನೆಗೆ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟರೆ ಅವನಿಗೆ ಅದೇ ಸ್ವರ್ಗ.

ಹೆಂಡತಿಯದು ಇದಕ್ಕೆ ತದ್ವಿರುದ್ಧ. ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಅವಳ ಸೊಂಟ ಹಿಡಿದುಕೊಂಡಿತ್ತು. ದಿನಾ ಒಂದು ಗಂಟೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಹಳೆಯ ರೈಲುಹಳಿ ಕಿತ್ತ ಜಾಗದಲ್ಲಿ ಊರವರೇ ಸೇರಿ ನಡೆಯುವವರಿಗೂ ಸೈಕಲ್ಲಿನವರಿಗೂ ಒಂದು ಹಾದಿ ಮಾಡಿದ್ದರು. ಸಂಜೆಯಾದರೆ ಊರಿಗೆ ಊರೇ ಅಲ್ಲಿರುತ್ತಿತ್ತು.

"ಒಬ್ಬಳೇ ಹೋಗೋಕೆ ಒಂಥರಾ ಆಗುತ್ತೆ ರೀ," ಎಂದಳು.

ಮೂರು ವಾರ ಅವನು ಜೊತೆಗೆ ಹೋದ. ಹೋದನೆಂದರೆ, ಮೊದಲ ಕಲ್ಲುಬೆಂಚಿನವರೆಗೆ. "ನೀನು ಹೋಗಿ ಬಾ, ಇಲ್ಲೇ ಇರ್ತೀನಿ," ಎಂದು ಕೂತಲ್ಲೇ ತೂಕಡಿಸುತ್ತಿದ್ದ. ಒಂದು ದಿನ ಅದಕ್ಕೂ ತ್ರಾಣ ಉಳಿಯಲಿಲ್ಲ.

"ನಿನಗೆ ಕೂತು ಸಾಕಾಗಿದೆ, ನನಗೆ ನಡೆದು ಸಾಕಾಗಿದೆ. ಇವತ್ತೊಂದಿನ ನನ್ನ ಬಿಟ್ಟುಬಿಡೇ," ಎಂದು ರೇಗಿದ.

ಅವಳು ಚಪ್ಪಲಿ ಮೆಟ್ಟಿ ಹೋದಳು.

ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಬೆಳಕು ಇಳಿಯತೊಡಗಿದಾಗ ಅವನು ಒದ್ದೆ ಕಾಲಲ್ಲೇ ಎದ್ದು ಹೊರಟ. ಹಾದಿಯಲ್ಲಿ ಎದುರಾದ ಮುದುಕರು, "ನಿಮ್ಮನೆಯವರಾ? ಆಗಲೇ ಮುಂದೆ ಹೋದ್ರಲ್ಲ," ಎಂದರು. ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಬರುತ್ತಿದ್ದ ಹೆಂಗಸು, "ನೀಲಿ ಸೈಕಲ್ಲಿನವರು ತಾನೇ?" ಎಂದಳು.

"ಅಲ್ಲಮ್ಮ, ಅವಳಿಗೆ ಸೈಕಲ್ ಬರಲ್ಲ."

"ಬರುತ್ತೆ, ನಾನೇ ನೋಡಿದೀನಲ್ಲ!"

ಹಾದಿಯ ಕೊನೆಯಲ್ಲಿ, ಹಾಳುಬಿದ್ದ ಪ್ಲಾಟ್‌ಫಾರ್ಮಿನ ಅಂಚಿಗೆ ಹೆಂಡತಿ ಕೂತಿದ್ದಳು. ಮಂಡಿ ತರಚಿತ್ತು. ಪಕ್ಕದಲ್ಲಿ ಔಷಧಿ ಅಂಗಡಿಯಾಕೆಯ ನೀಲಿ ಸೈಕಲ್ಲು ಮಗುಚಿ ಬಿದ್ದಿತ್ತು.

ಬೈಯಬೇಕೆಂದು ಬಾಯಿ ತೆರೆದ. ಬೈಯುವುದಕ್ಕೂ ಶಕ್ತಿ ಬೇಕಲ್ಲ. ಸುಮ್ಮನೆ ಅವಳ ಪಕ್ಕ ಕುಸಿದು ಕೂತ.

"ಯಾವಾಗ ಕಲಿತೆ?"

"ನೀವು ಬೆಂಚಿನ ಮೇಲೆ ಗೊರಕೆ ಹೊಡೀತಿದ್ರಲ್ಲ, ಆವಾಗ. ಔಷಧಿ ಅಂಗಡಿಯವರೇ ಹೇಳಿಕೊಟ್ರು."

"ಡಾಕ್ಟ್ರು ನಡೆಯೋಕೆ ಹೇಳಿದ್ದು ಕಣೇ."

"ನೀವು ಕುಂಟುತ್ತಾ ಬರೋದನ್ನ ಎಷ್ಟು ದಿನ ಅಂತ ನೋಡಲಿ? ಸೈಕಲ್ ಬಂದ್ರೆ ಹಿಂದೆ ಕೂರಿಸ್ಕೊಂಡು ಈ ತುದಿ ತನಕ ಕರ್ಕೊಂಡು ಬರೋಣ ಅಂದ್ಕೊಂಡೆ. ನೀವು ಇದನ್ನ ನೋಡೇ ಇರಲಿಲ್ಲ."

ಅವನು ನೋಡಿದ. ಹಳಿಯಿದ್ದ ಕಡೆಯೆಲ್ಲ ಹುಲ್ಲು, ಆಚೆಗೆ ಹೊಲ, ಹೊಲದ ಮೇಲೆ ಕೊನೆಯ ಬಿಸಿಲು. ಚೆನ್ನಾಗಿಯೇ ಇತ್ತು. ಅವಳ ಮಂಡಿಗೆ ಕರವಸ್ತ್ರ ಕಟ್ಟಿದ.

"ಹತ್ತಿ ನೋಡೋಣ," ಎಂದಳು ಅವಳು. ಅವನು ಕ್ಯಾರಿಯರಿನ ಮೇಲೆ ಕೂತ. ಹತ್ತು ಮಾರು ಹೋಗುವಷ್ಟರಲ್ಲಿ ಸೈಕಲ್ಲು ಓಲಾಡಿ ಇಬ್ಬರೂ ಪೊದೆಗೆ ಬಿದ್ದರು. ಬಿದ್ದಲ್ಲೇ ಅವಳಿಗೆ ನಗು ಬಂತು. ಅವನಿಗೂ ಬಂತು, ಆದರೆ ದಣಿವಿಗೆ ಅರ್ಧಕ್ಕೇ ನಿಂತಿತು.

ಮರಳುವಾಗ ಸೈಕಲ್ಲನ್ನು ನಡುವೆ ಹಿಡಿದು ತಳ್ಳಿದರು. ಅವನು ಸೀಟಿನ ಮೇಲೆ ಭಾರ ಬಿಟ್ಟು ನಡೆದ.

"ನಾಳೆಯಿಂದ ಬರಬೇಡಿ. ನಾನೊಬ್ಬಳೇ ಹೋಗ್ತೀನಿ, ಈಗ ಪರವಾಗಿಲ್ಲ."

"ಹೂಂ," ಎಂದ. ಮೊದಲ ಕಲ್ಲುಬೆಂಚು ದಾಟುವಾಗ, "ಭಾನುವಾರ ಬರ್ತೀನಿ. ಅವತ್ತು ಟಪಾಲಿಲ್ಲ," ಎಂದ.

ಭಾನುವಾರ ಹೋದ ಕೂಡ. ಅರ್ಧ ದಾರಿಗೇ ಸಾಕಾಯಿತು. ಅವಳು ಸೈಕಲ್ಲಿನಿಂದಿಳಿದು ಅವನ ಜೊತೆ ಹಿಂದಿರುಗಿದಳು.